ಮಗಳು ಕಮ್ಯುನಿಟಿ ಕಾಲೇಜು ಸೇರುತ್ತಿದ್ದಾಳೆ, ಮೊದಲ ಸೆಮಿಸ್ಟರಿಗೆ ಏನು ತೆಗೆದುಕೊಳ್ಳಬೇಕು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಹತ್ತಿರ ಇದ್ದೇವೆ. ಊರು ದಾವಣಗೆರೆ. ಮಗಳಿಗೆ ನವೆಂಬರಿಗೆ 18 ತುಂಬುತ್ತದೆ. ಒಂಬತ್ತು ವರ್ಷದವಳಿದ್ದಾಗ ಇಲ್ಲಿಗೆ ಬಂದಳು, ಗ್ರೀನ್ ಕಾರ್ಡ್ ಆಗಿಲ್ಲ, ಇನ್ನೂ ಎಚ್-4, ಅಂದರೆ ಎಚ್-1 ಕೆಲಸದ ವೀಸಾದವರ ಅವಲಂಬಿತರಿಗೆ ಕೊಡುವ ವೀಸಾ. ಕಂಪ್ಯೂಟರ್ ಸೈನ್ಸ್‌ಗೆ ಅಂತ ಹಾಕಿದ್ದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳಲ್ಲಿ ಸೀಟು ಸಿಗಲಿಲ್ಲ. ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಮೂರನೇ ವರ್ಷಕ್ಕೆ ಯುಸಿಗೆ ಟ್ರಾನ್ಸ್‌ಫರ್ ಆಗ್ತೀನಿ ಅನ್ನುತ್ತಾಳೆ. ಮನೆಯಲ್ಲಿ ಯಜಮಾನರಿಗೆ ಇಷ್ಟವಿಲ್ಲ. ಕನ್ನಡ ಕೂಟದಲ್ಲಿ ಒಬ್ಬರು, ಅಲ್ಲಿಗೆ ಹೋಗೋದು ಓದದ ಮಕ್ಕಳು ಅಂದರು. ಅರ್ಜಿ ಹಾಕಿ ಆಯಿತು. ಈಗ ಎಲ್ಲವೂ ಗೋಜಲು. ಹೈಸ್ಕೂಲಿನಲ್ಲಿ ಎಪಿ (ಕಾಲೇಜು ಮಟ್ಟದ) ಕ್ಯಾಲ್ಕುಲಸ್ ಎಬಿ ತೆಗೆದು 5ಕ್ಕೆ 4 ಬಂದಿದೆ, ಆದರೂ ಮುಂದಿನ ಕ್ಯಾಲ್ಕುಲಸ್‌ಗೆ ರಿಜಿಸ್ಟರ್ ಮಾಡಲು ಸಿಸ್ಟಮ್ ಬಿಡುತ್ತಿಲ್ಲ. ಪ್ರೋಗ್ರಾಮಿಂಗ್ ಕ್ಲಾಸು ವೇಯ್ಟ್‌ಲಿಸ್ಟ್. ಫೀಸು 5 ಸಾವಿರ ಡಾಲರ್ ಮೇಲೆ ತೋರಿಸುತ್ತಿದೆ, ಇಲ್ಲಿ ಅಗ್ಗ ಅಂತ ಎಲ್ಲರೂ ಹೇಳಿದ್ದರಲ್ಲ? ಕಾಲೇಜಿಗೆ ಫೋನ್ ಮಾಡಿದರೆ ನಿಮ್ಮ ಜೊತೆ ಮಾತಾಡಲು ಆಗಲ್ಲ ಅಂದರು. ಪರಿಚಯದವರೊಬ್ಬರು ಕನ್ಸಲ್ಟೆಂಟ್ ಇದ್ದಾರೆ, 2,500 ಡಾಲರ್ ಕೊಟ್ಟರೆ ಪೂರ್ತಿ ಪ್ಲ್ಯಾನ್ ಮಾಡಿಕೊಡುತ್ತಾರಂತೆ. ಕೊಡಬಹುದಾ? ಅವಳು ಹತ್ತನೇ ಕ್ಲಾಸಿನ ಬೇಸಿಗೆಯಲ್ಲಿ ಇಲ್ಲೇ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಸೈಕಾಲಜಿ ಕೋರ್ಸಿಗೆ ಸೇರಿದ್ದಳು, ಬೇಸರವಾಗಿ ಮೂರು ವಾರಕ್ಕೆ ಬಿಟ್ಟಳು. ಹಾಗಾಗಿ ಕಾಲೇಜು ಹೇಗಿರುತ್ತದೆ ಅಂತ ಅವಳಿಗೆ ಸ್ವಲ್ಪ ಗೊತ್ತು.

ಉತ್ತರ: ಕಮ್ಯುನಿಟಿ ಕಾಲೇಜಿನಲ್ಲಿ ಮಕ್ಕಳಿಗೆ ಓದಿನ ದಾರಿ ಹೇಳುವ ಕೆಲಸ ನನ್ನದು, ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಆದರೆ ನೀವು ಕೇಳದೆ, ಕೊನೆಯಲ್ಲಿ ಸುಮ್ನೆ ಹೇಳಿಬಿಟ್ಟ ಒಂದು ಮಾತಿದೆಯಲ್ಲ, ಆ ಸೈಕಾಲಜಿ ಕೋರ್ಸು, ನನಗೆ ಎಲ್ಲಕ್ಕಿಂತ ಮೊದಲು ಅದನ್ನು ನೋಡಬೇಕು ಅನ್ನಿಸಿತು.

ಮೂರು ವಾರಕ್ಕೆ ಬಿಟ್ಟಳು ಅಂದಿರಿ. ಕ್ಲಾಸಿಗೆ ಹೋಗುವುದನ್ನು ಬಿಟ್ಟಳೋ, ಅಥವಾ ಪೋರ್ಟಲ್‌ಗೆ ಹೋಗಿ ಡ್ರಾಪ್ ಅಂತ ಒತ್ತಿದಳೋ? ಎರಡೂ ಬೇರೆ ಬೇರೆ. ಸುಮ್ಮನೆ ಹೋಗದೇ ಇದ್ದರೆ ಮೇಷ್ಟ್ರೇ ಹೆಸರು ತೆಗೆಯುತ್ತಾರೆ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಕೆಲವರು ತೆಗೆಯುತ್ತಾರೆ, ಕೆಲವರು ತೆಗೆಯುವುದಿಲ್ಲ. ತೆಗೆಯದಿದ್ದರೆ ಕೊನೆಗೆ ಎಫ್ ಬೀಳುತ್ತದೆ. ಹೈಸ್ಕೂಲಿನಲ್ಲಿದ್ದಾಗ ತೆಗೆದದ್ದು ಲೆಕ್ಕಕ್ಕಿಲ್ಲ ಅನ್ನುವುದು ನಾನು ವರ್ಷಕ್ಕೆ ಹತ್ತಾರು ಸಲ ಕೇಳುವ ಮಾತು, ಪೂರ್ತಿ ತಪ್ಪು. ಅದು ಕಾಲೇಜಿನ ಟ್ರಾನ್ಸ್‌ಕ್ರಿಪ್ಟು, ಶಾಶ್ವತವಾಗಿ ಇರುತ್ತದೆ. ಯುಸಿಗೆ ಟ್ರಾನ್ಸ್‌ಫರ್ ಅರ್ಜಿ ಹಾಕುವಾಗ ಎಲ್ಲ ಕಾಲೇಜಿನ ಎಲ್ಲ ಗ್ರೇಡುಗಳನ್ನೂ ತೋರಿಸಲೇಬೇಕು. ಟ್ರಾನ್ಸ್‌ಫರ್‌ನಲ್ಲಿ ಹೈಸ್ಕೂಲಿನ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ನೋಡುವುದಿಲ್ಲ, ಕಾಲೇಜಿನ ಜಿಪಿಎ ನೋಡುತ್ತಾರೆ. ಅಂದರೆ ನಿಮ್ಮ ಮಗಳು ಹೊಸ ಪಟ್ಟಿ ಶುರು ಮಾಡುತ್ತಿದ್ದೇನೆ ಅಂದುಕೊಂಡಿದ್ದರೂ, ಮೊದಲ ಸಾಲಿನಲ್ಲಿ ಈಗಾಗಲೇ ಒಂದು ಸೊನ್ನೆ ಕೂತಿರಬಹುದು.

ಗಾಬರಿಯಾಗಬೇಡಿ, ಇದಕ್ಕೆ ದಾರಿ ಇದೆ. ಆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಈ ವಾರವೇ ತರಿಸಿ ನೋಡಲಿ. ಡಬ್ಲ್ಯು ಇದ್ದರೆ, ಅಂದರೆ ವಿತ್‌ಡ್ರಾ ಆಗಿದ್ದರೆ, ಜಿಪಿಎಗೆ ಏನೂ ಆಗುವುದಿಲ್ಲ. ಎಫ್ ಇದ್ದರೆ ಅದೇ ಕೋರ್ಸನ್ನು ಮತ್ತೆ ತೆಗೆದುಕೊಳ್ಳಬಹುದು. ಅದೇ ಕಾಲೇಜಿನಲ್ಲಿ ತೆಗೆದರೆ ಕೆಲಸ ಸಲೀಸು. ಜಿಪಿಎ ಲೆಕ್ಕದಲ್ಲಿ ಹೊಸ ಗ್ರೇಡು ಹಳೆಯದರ ಜಾಗಕ್ಕೆ ಬರುತ್ತದೆ, ಹಳೆಯದು ಕಾಗದದ ಮೇಲೆ ಕಾಣುತ್ತಲೇ ಇರುತ್ತದೆ. ಒಂದು ಕೋರ್ಸಿಗೆ ಎಷ್ಟು ಪ್ರಯತ್ನ ಅನ್ನುವುದಕ್ಕೆ ಮಿತಿ ಇದೆ, ಡಬ್ಲ್ಯು ಕೂಡ ಒಂದು ಪ್ರಯತ್ನವೇ.

ಈಗ ಫೀಸಿನ ವಿಷಯ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಫೀಸು ಒಂದು ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್. ಯೂನಿಟ್ ಅಂದರೆ ಕೋರ್ಸಿನ ತೂಕದ ಅಳತೆ. 13 ಯೂನಿಟ್ ತೆಗೆದರೆ 598. ಮೇಲೆ ಹೆಲ್ತ್ ಫೀ, ಪಾರ್ಕಿಂಗ್ ಅಂತ ಚಿಲ್ಲರೆ. 5 ಸಾವಿರ ಬಂದಿದೆ ಅಂದರೆ ನಿಮ್ಮ ಮಗಳನ್ನು ಹೊರರಾಜ್ಯದವಳು ಅಂತ ಗುರುತಿಸಿದ್ದಾರೆ. ಎಚ್-4 ಮಕ್ಕಳಿಗೆ ಇದು ಬಹಳ ಸಲ ಆಗುತ್ತದೆ. ಆನ್‌ಲೈನ್ ಅರ್ಜಿಯಲ್ಲಿ ವೀಸಾ ಯಾವುದು, ಯಾವಾಗ ಮುಗಿಯುತ್ತದೆ, ಕ್ಯಾಲಿಫೋರ್ನಿಯಾಕ್ಕೆ ಯಾವಾಗ ಬಂದಿರಿ ಅಂತ ಕೇಳುತ್ತಾರಲ್ಲ, ಅಲ್ಲಿ ಪಾಸ್‌ಪೋರ್ಟಿನಲ್ಲಿರುವ ಹಳೇ ಸ್ಟ್ಯಾಂಪಿನ ದಿನಾಂಕ ಹಾಕಿರುತ್ತಾರೆ. ಸ್ಟ್ಯಾಂಪು ಮುಗಿದಿರುತ್ತದೆ, ಇಮಿಗ್ರೇಷನ್ ಇಲಾಖೆಯ ಮಂಜೂರಾತಿಯಾದ ಐ-797 ಪತ್ರದಲ್ಲಿ ಮಾತ್ರ ಅವಧಿ ಇನ್ನೂ ಇರುತ್ತದೆ. ಕಂಪ್ಯೂಟರಿಗೆ ಅದು ಹೇಗೆ ಗೊತ್ತಾಗಬೇಕು?

ಎಚ್-1, ಎಚ್-4 ವೀಸಾದವರು ಕ್ಯಾಲಿಫೋರ್ನಿಯಾದ ನಿವಾಸಿಗಳು ಅನ್ನಿಸಿಕೊಳ್ಳಬಹುದು. ಓದಲೆಂದೇ ಬರುವ ಎಫ್-1 ವೀಸಾದವರಿಗೆ ಆಗುವುದಿಲ್ಲ. ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ಒಂದು ವರ್ಷ ಮೇಲೊಂದು ದಿನ ಇಲ್ಲಿ ವಾಸವಿದ್ದು, ಇಲ್ಲೇ ಇರುವ ಇರಾದೆಗೆ ಪುರಾವೆ ತೋರಿಸಬೇಕು. ಐ-797, ಮನೆಯ ಲೀಸ್, ರಾಜ್ಯದ ಟ್ಯಾಕ್ಸ್ ರಿಟರ್ನ್, ಮಗಳ ಹೈಸ್ಕೂಲ್ ದಾಖಲೆ ಎಲ್ಲ ಹಿಡಿದುಕೊಂಡು ಅಡ್ಮಿಷನ್ಸ್ ಆಂಡ್ ರೆಕಾರ್ಡ್ಸ್ ಆಫೀಸಿಗೆ ಹೋಗಲಿ. ಟರ್ಮ್ ಶುರುವಾಗುವ ಮೊದಲೇ ಹೋಗಲಿ. ಕಟ್ಟಿದ ಮೇಲೆ ವಾಪಸು ಕೇಳುವುದು ಇನ್ನೊಂದು ತಲೆನೋವು. ಬಿಲ್ ಕಟ್ಟದೆ ಹಾಗೇ ಬಿಟ್ಟರೂ ಕಷ್ಟ, ಕೆಲವು ಕಾಲೇಜುಗಳಲ್ಲಿ ಕ್ಲಾಸುಗಳಿಂದ ಹೆಸರು ತೆಗೆದುಬಿಡುತ್ತಾರೆ. ಫೆಡರಲ್ ಸಹಾಯಕ್ಕೆ ತುಂಬುವ ಫಾಫ್ಸಾ ಎಚ್-4 ಮಕ್ಕಳಿಗೆ ಇಲ್ಲ. ಕ್ಯಾಂಪಸ್ಸಿನಲ್ಲಿ ಸಂಬಳದ ಕೆಲಸವೂ ಮಾಡುವಂತಿಲ್ಲ.

ಕ್ಯಾಲ್ಕುಲಸ್ ಯಾಕೆ ಬಿಡುತ್ತಿಲ್ಲ ಅಂದರೆ, ಎಪಿ ಸ್ಕೋರು ತಾನಾಗಿ ಕಾಲೇಜಿಗೆ ಹೋಗುವುದಿಲ್ಲ. ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನಿಂದ ಅಧಿಕೃತವಾಗಿ ಕಳಿಸಬೇಕು, ಆಮೇಲೆ ಮೊದಲು ಓದಿರಬೇಕಾದದ್ದು ಮುಗಿದಿದೆ ಅಂತ ತೋರಿಸುವ ಪ್ರಿರಿಕ್ವಿಸಿಟ್ ಕ್ಲಿಯರೆನ್ಸ್ ಅನ್ನುವ ಒಂದು ಫಾರ್ಮ್ ತುಂಬಬೇಕು. ಯಾರೋ ಒಬ್ಬರು ಅದನ್ನು ನೋಡಿ ಗೇಟು ತೆಗೆಯುತ್ತಾರೆ. ಆಗಸ್ಟಿನಲ್ಲಿ ಇಂಥ ಫಾರ್ಮುಗಳ ರಾಶಿಯೇ ಇರುತ್ತದೆ, ಇವತ್ತೇ ಹಾಕಲಿ. ಎಷ್ಟೋ ಮಕ್ಕಳು ಇಷ್ಟಕ್ಕೆ ಬೇಸತ್ತು, ಹೋಗ್ಲಿ ಬಿಡು, ಮೊದಲಿನಿಂದ ಕ್ಯಾಲ್ಕುಲಸ್ 1 ತಗೋತೀನಿ, ಸುಲಭಕ್ಕೆ ಎ ಬರುತ್ತೆ ಅನ್ನುತ್ತಾರೆ. ಹೈಸ್ಕೂಲಿನ ಗಣಿತ ನಿಜವಾಗಿ ಹಿಡಿತಕ್ಕೆ ಸಿಕ್ಕಿಲ್ಲದಿದ್ದರೆ ಅದು ತಪ್ಪಲ್ಲ. ಆದರೆ ಅದರ ಬೆಲೆ ಗೊತ್ತಿರಬೇಕು.

ಆ ಬೆಲೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಪ್ರಕಾರ ಇಡೀ ಕಮ್ಯುನಿಟಿ ಕಾಲೇಜಿನ ಗುಟ್ಟು ಇರುವುದೇ ಇಲ್ಲಿ.

ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್‌ಗಳಲ್ಲಿ ಗಣಿತ ಒಂದು ಸರಪಣಿ. ಕ್ಯಾಲ್ಕುಲಸ್ 1, ಅದಾದ ಮೇಲೆ 2, ಆಮೇಲೆ ಮಲ್ಟಿವೇರಿಯಬಲ್, ಅದರ ಜೊತೆಗೋ ಆಮೇಲೋ ಲೀನಿಯರ್ ಆಲ್ಜಿಬ್ರಾ, ಡಿಫರೆನ್ಷಿಯಲ್ ಈಕ್ವೇಷನ್ಸ್. ಹಿಂದಿನದು ಮುಗಿಯದೆ ಮುಂದಿನದು ಸಿಗುವುದಿಲ್ಲ. ಕ್ಯಾಲ್ಕುಲಸ್ ಇಲ್ಲದೆ ಫಿಸಿಕ್ಸೂ ಶುರುವಾಗುವುದಿಲ್ಲ. ಎರಡು ವರ್ಷಕ್ಕೆ ನಾಲ್ಕು ಸೆಮಿಸ್ಟರು, ಸರಪಣಿಯಲ್ಲೂ ಹೆಚ್ಚುಕಡಿಮೆ ನಾಲ್ಕು ಕೊಂಡಿ. ಮೊದಲ ಸೆಮಿಸ್ಟರಿನಲ್ಲಿ ಗಣಿತ ತೆಗೆಯಲಿಲ್ಲ ಅಂದರೆ ಅರ್ಧ ವರ್ಷ ಹೋಯಿತು ಅಂತ ನೀವು ಲೆಕ್ಕ ಹಾಕುತ್ತೀರಿ. ಅಲ್ಲ, ಪೂರ್ತಿ ವರ್ಷ ಹೋಯಿತು. ಯಾಕೆಂದರೆ ಯುಸಿಗಳು ಟ್ರಾನ್ಸ್‌ಫರ್ ಮಕ್ಕಳನ್ನು ಹೆಚ್ಚಾಗಿ ಫಾಲ್‌ನಲ್ಲಿ, ಅಂದರೆ ಆಗಸ್ಟ್-ಸೆಪ್ಟೆಂಬರಿಗೆ ಶುರುವಾಗುವ ಟರ್ಮಿನಲ್ಲಿ ಮಾತ್ರ ಸೇರಿಸಿಕೊಳ್ಳುತ್ತವೆ, ಮೇಜರ್‌ಗೆ, ಅಂದರೆ ಮುಖ್ಯ ವಿಷಯಕ್ಕೆ, ಬೇಕಾದ ಕೋರ್ಸುಗಳು ಅದರ ಹಿಂದಿನ ಸ್ಪ್ರಿಂಗ್‌ಗೆ ಮುಗಿದಿರಬೇಕು. ಒಂದು ಬಸ್ಸು ತಪ್ಪಿದರೆ ಮುಂದಿನದು ವರ್ಷದ ಮೇಲೆ. ನಿಮ್ಮ ಮಗಳ ಕೈಯಲ್ಲಿರುವ ಆ 4 ಇದೆಯಲ್ಲ, ಅದು ಅವಳಿಗೆ ಒಂದು ಸೆಮಿಸ್ಟರಿನ ಉಸಿರು ಕೊಡುತ್ತದೆ.

ಹಾಸನದ ಕಡೆಯವರ ಮಗ ಒಬ್ಬ ನನ್ನ ಹತ್ತಿರ ಬಂದಿದ್ದ. ಎರಡನೇ ವರ್ಷದ ಅಕ್ಟೋಬರ್. ಆಂಟಿ ಅನ್ನಲೋ ಪ್ರೊಫೆಸರ್ ಅನ್ನಲೋ ಗೊತ್ತಾಗದೆ ಎರಡೂ ಬಿಟ್ಟು ಮಾತಾಡುತ್ತಿದ್ದ. ಟ್ರಾನ್ಸ್‌ಕ್ರಿಪ್ಟ್ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದ, ಬಿಡಿಸಿ ಮೇಜಿನ ಮೇಲೆ ಇಟ್ಟ. ಜಿಪಿಎ 3.9. ಸಿನಿಮಾ ಇತಿಹಾಸ, ಕಲೆ, ಸೋಷಿಯಾಲಜಿ, ಸ್ಪೀಚ್, ಆಂಥ್ರೊಪಾಲಜಿ. ಜಿಇ (ಯಾವ ಮೇಜರ್ ಆದರೂ ಓದಬೇಕಾದ ಸಾಮಾನ್ಯ ವಿಷಯಗಳು) ಎಲ್ಲ ಮುಗಿಸಿಬಿಟ್ಟಿದ್ದೀನಿ, ಅಪ್ಲಿಕೇಷನ್ ನೋಡಿಕೊಡ್ತೀರಾ ಅಂದ. ಮೇಜರ್ ಮೆಕ್ಯಾನಿಕಲ್ ಎಂಜಿನಿಯರಿಂಗ್. ನಾನು ಅವನು ಹೇಳಿದ ಕ್ಯಾಂಪಸ್ಸಿನ ಪಟ್ಟಿ ಪ್ರಿಂಟ್ ತೆಗೆದು, ಪೆನ್ಸಿಲ್ ಕೊಟ್ಟು, ಮುಗಿಸಿದ್ದಕ್ಕೆ ಗುರುತು ಹಾಕಪ್ಪ ಅಂದೆ. ಕ್ಯಾಲ್ಕುಲಸ್ 1ಕ್ಕೆ ಒಂದು ಗುರುತು ಹಾಕಿದ. ಪೆನ್ಸಿಲ್ ಅಲ್ಲೇ ನಿಂತಿತು. ಕಷ್ಟದ್ದನ್ನು ಆಮೇಲೆ ತೆಗೀ, ಮೊದಲು ಜಿಇ ಮುಗಿಸು ಅಂತ ಯಾರೋ ಸೀನಿಯರ್ ಹೇಳಿದ್ದನಂತೆ. ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಒಟ್ಟು ನಾಲ್ಕು ವರ್ಷ ಇದ್ದು ಹೋದ.

ಆ ಪಟ್ಟಿ ಸಿಗುವುದು ಅಸಿಸ್ಟ್ ಡಾಟ್ ಆರ್ಗ್ ಅನ್ನುವ ಜಾಲತಾಣದಲ್ಲಿ. ಹಣ ಕೊಡಬೇಕಿಲ್ಲ. ನಮ್ಮ ಕಾಲೇಜು ಯಾವುದು, ಹೋಗಬೇಕಾದ ಯುಸಿ ಅಥವಾ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಯಾವುದು, ಮೇಜರ್ ಯಾವುದು ಅಂತ ಒತ್ತಿದರೆ ಅಲ್ಲಿಯ ಯಾವ ಕೋರ್ಸಿಗೆ ಇಲ್ಲಿಯ ಯಾವುದು ಸಮ ಅಂತ ಅಕ್ಕಪಕ್ಕ ತೋರಿಸುತ್ತದೆ. ಮಗಳು ಮೂರು ಕ್ಯಾಂಪಸ್ ಆರಿಸಿ ಮೂರು ಪಟ್ಟಿ ಪ್ರಿಂಟ್ ತೆಗೆದುಕೊಳ್ಳಲಿ. ಮೂರರಲ್ಲೂ ಬರುವ ಕೋರ್ಸುಗಳಿಗೆ ಗೆರೆ ಎಳೆಯಲಿ, ಮೊದಲ ವರ್ಷ ಅವೇ. ಜಿಇ ಪಟ್ಟಿಗೆ ಈಗ ಕ್ಯಾಲ್-ಜೆಟ್ಸಿ ಅಂತ ಹೆಸರು. 2025ರ ಫಾಲ್‌ನಿಂದ ಯುಸಿ, ಸಿಎಸ್‌ಯು ಎರಡಕ್ಕೂ ಅದೊಂದೇ, 34 ಯೂನಿಟ್. ಹಳೇ ವಿದ್ಯಾರ್ಥಿಗಳು ಹಿಂದಿನ ಪಟ್ಟಿಯ ಹೆಸರಾದ ಐಜೆಟ್ಸಿ ಅಂತ ಹೇಳುವುದನ್ನು ಕೇಳಿ ಗಲಿಬಿಲಿಯಾಗುವುದು ಬೇಡ.

ಇದೆಲ್ಲ ಮಾಡಿಕೊಡಲು ಕಾಲೇಜಿನಲ್ಲೇ ಕೌನ್ಸೆಲರ್‌ಗಳಿದ್ದಾರೆ. ಹೆಸರು ಕೇಳಿ ಮನಸ್ಸಿನ ಸಮಸ್ಯೆಗೆ ಅಂದುಕೊಳ್ಳಬೇಡಿ, ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಓದಿನ ದಾರಿ ಹೇಳುವವರಿಗೂ ಅದೇ ಹೆಸರು. ಮಾಸ್ಟರ್ಸ್ ಮಾಡಿದ ಅಧ್ಯಾಪಕ ವರ್ಗದವರು, ಫೀಸಿಲ್ಲ. ಅವರ ಜೊತೆ ಕೂತು ಎಜುಕೇಷನ್ ಪ್ಲ್ಯಾನ್ ಮಾಡಿಸಬೇಕು. ಓರಿಯಂಟೇಷನ್, ಪ್ಲೇಸ್‌ಮೆಂಟ್, ಆಮೇಲೆ ಪ್ಲ್ಯಾನ್, ಈ ಮೂರು ಮುಗಿಸಿದವರಿಗೆ ರಿಜಿಸ್ಟ್ರೇಷನ್ ಬೇಗ ತೆರೆಯುತ್ತದೆ. ಮುಗಿಸದವರು ಕೊನೆಯ ಸಾಲಿನಲ್ಲಿ. ಪ್ರೋಗ್ರಾಮಿಂಗ್ ಕ್ಲಾಸು ತುಂಬಿಹೋಗಿರುವುದಕ್ಕೆ ಅರ್ಧ ಕಾರಣ ಇದೇ ಇರಬಹುದು. ಪ್ಲೇಸ್‌ಮೆಂಟ್ ಅಂದರೆ ಪರೀಕ್ಷೆ ಅಂತ ಹೆದರಬೇಡಿ. 2017ರ ಎಬಿ 705 ಕಾನೂನು ಬಂದ ಮೇಲೆ ಹೈಸ್ಕೂಲಿನ ಗ್ರೇಡ್ ನೋಡಿ ಇಂಗ್ಲಿಷ್, ಗಣಿತಕ್ಕೆ ಹಾಕುತ್ತಾರೆ.

ಹಾಗಾದರೆ 2,500 ಡಾಲರ್? ನನ್ನ ದುಡ್ಡಾಗಿದ್ದರೆ ಕೊಡುತ್ತಿರಲಿಲ್ಲ. ಕನ್ಸಲ್ಟೆಂಟ್‌ಗಳೆಲ್ಲ ಮೋಸಗಾರರು ಅಂತಲ್ಲ. ಆದರೆ ಪ್ರಿರಿಕ್ವಿಸಿಟ್ ಗೇಟು ತೆಗೆಯುವುದು, ಬೇಗನೆ ರಿಜಿಸ್ಟ್ರೇಷನ್ ಕೊಡುವ ಪ್ಲ್ಯಾನನ್ನು ಸಿಸ್ಟಮ್ಮಿಗೆ ಹಾಕುವುದು ಹೊರಗಿನವರ ಕೈಯಲ್ಲಿಲ್ಲ. ಒಂದು ಮಾತು ನಮ್ಮ ಕಡೆಯಿಂದಲೂ ಒಪ್ಪಿಕೊಳ್ಳಬೇಕು. ಕೌನ್ಸೆಲರ್ ಅಪಾಯಿಂಟ್‌ಮೆಂಟ್ ಆಗಸ್ಟಿನಲ್ಲಿ ಸಿಗುವುದು ಕಷ್ಟ. ಸಿಕ್ಕರೂ ಅರ್ಧ ಗಂಟೆ. ಬರಿಗೈಯಲ್ಲಿ ಬಂದು ಏನು ತಗೊಳ್ಳಲಿ ಅಂತ ಕೇಳಿದರೆ ಆ ಅರ್ಧ ಗಂಟೆ ಹಾಗೇ ಹೋಗುತ್ತದೆ. ಮೂರು ಪಟ್ಟಿ, ಎಪಿ ಸ್ಕೋರು, ಹಳೇ ಟ್ರಾನ್ಸ್‌ಕ್ರಿಪ್ಟ್ ಇಟ್ಟುಕೊಂಡು ಬಂದ ಮಕ್ಕಳಿಗೆ ನಾನೇ ಹತ್ತು ನಿಮಿಷ ಜಾಸ್ತಿ ಕೊಟ್ಟಿದ್ದೇನೆ. ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಡ್ರಾಪ್-ಇನ್ ಸಮಯ ಇರುತ್ತದೆ, ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಲ್ಲಲಿ.

ಹೋಗುವುದು ಅವಳು, ನೀವಲ್ಲ. ನಿಮ್ಮ ಫೋನಿಗೆ ಉತ್ತರ ಕೊಡದೇ ಇದ್ದದ್ದು ಸೊಕ್ಕಿನಿಂದ ಅಲ್ಲ. 1974ರ ಫರ್ಪಾ ಕಾನೂನಿನ ಪ್ರಕಾರ ಮಗು ಕಾಲೇಜು ಸೇರಿದ ದಿನದಿಂದ, 18 ತುಂಬದಿದ್ದರೂ, ದಾಖಲೆ ಅವಳದು. ನಮ್ಮೂರಲ್ಲಿ ಪಿಯುಸಿ ಪ್ರಿನ್ಸಿಪಾಲರು ಅಪ್ಪನನ್ನು ಕರೆಸಿ ಅಟೆಂಡೆನ್ಸ್ ತೋರಿಸುತ್ತಿದ್ದರು, ಇಲ್ಲಿ ಹಾಗಿಲ್ಲ. ಅವಳು ಒಪ್ಪಿ ಸಹಿ ಮಾಡಿದರೆ ನೀವು ಜೊತೆಗೆ ಕೂರಬಹುದು. ಎಷ್ಟೋ ಅಮ್ಮಂದಿರು ಬಂದು ಕೂತಿದ್ದಾರೆ. ಮೇಜಿನ ಈಚೆಗೆ ಕೂತ ನನ್ನ ಒಂದೇ ಕೋರಿಕೆ, ಪ್ರಶ್ನೆ ಮಗಳಿಗೆ ಕೇಳಿದಾಗ ಉತ್ತರ ಅವಳೇ ಕೊಡಲಿ.

ವೇಯ್ಟ್‌ಲಿಸ್ಟ್ ನೋಡಿ ಕೈಚೆಲ್ಲಬೇಡಿ. ನಮ್ಮ ರೈಲಿನ ವೇಯ್ಟಿಂಗ್ ಲಿಸ್ಟ್ ಇದ್ದ ಹಾಗೆ, ಕೊನೇ ವಾರದಲ್ಲಿ ಬಹಳ ಜನ ಕ್ಯಾನ್ಸಲ್ ಆಗುತ್ತಾರೆ. ಕಾಲೇಜಿನ ಈಮೇಲ್ ದಿನಾ ನೋಡಬೇಕು, ಸೀಟು ಬಂದಾಗ ಒಪ್ಪಿಕೊಳ್ಳಲು ಕೆಲವು ಕಡೆ ಒಂದೇ ದಿನ ಕೊಡುತ್ತಾರೆ. ಬರದಿದ್ದರೂ ಮೊದಲ ದಿನ ಕ್ಲಾಸಿಗೆ ಹೋಗಿ ಕೂರಲಿ. ಬಾರದವರ ಜಾಗಕ್ಕೆ ಮೇಷ್ಟ್ರು ಆಡ್ ಕೋಡ್ ಕೊಡುತ್ತಾರೆ, ಅದನ್ನು ಗಡುವಿನೊಳಗೆ ಪೋರ್ಟಲ್‌ನಲ್ಲಿ ಹಾಕಬೇಕು. ಪಕ್ಕದ ಕಾಲೇಜಿನಲ್ಲಿ ಅದೇ ಕೋರ್ಸು ತೆಗೆಯುವುದೂ ಒಂದು ದಾರಿ, ಸೆಮಿಸ್ಟರ್ ಕಾಲೇಜಾದರೆ ಅದೇ 46 ಡಾಲರ್. ಆದರೆ ಡಿ ಆಂಜಾ, ಫುಟ್‌ಹಿಲ್‌ನಂಥ ಕಾಲೇಜುಗಳು ಕ್ವಾರ್ಟರ್ ಪದ್ಧತಿಯವು, ಅವುಗಳ ಟರ್ಮು ಸೆಮಿಸ್ಟರಿಗಿಂತ ಚಿಕ್ಕದು. ಅಲ್ಲಿ ಕ್ಯಾಲ್ಕುಲಸ್ಸನ್ನು ಬೇರೆ ಥರ ತುಂಡು ಮಾಡಿರುತ್ತಾರೆ. ಅರ್ಧ ಸರಣಿ ಇಲ್ಲಿ, ಅರ್ಧ ಅಲ್ಲಿ ಅಂತ ಮಾಡಿದರೆ ನಡುವೆ ತೂತು ಬೀಳುತ್ತದೆ. ಬೇರೆ ಕಡೆ ಇಂಗ್ಲಿಷೋ ಇತಿಹಾಸವೋ ತೆಗೆಯಲಿ, ಗಣಿತದ ಸರಪಣಿ ಒಂದೇ ಕಡೆ ಇರಲಿ.

ಮೊದಲ ಸೆಮಿಸ್ಟರಿಗೆ ಕ್ಯಾಲ್ಕುಲಸ್ 2, ಪ್ರೋಗ್ರಾಮಿಂಗ್, ಇಂಗ್ಲಿಷ್, ಇಷ್ಟು ಸಾಕು. ಫುಲ್ ಟೈಮ್ ಅಂದರೆ 12 ಯೂನಿಟ್. ಒಂದು ಯೂನಿಟ್ಟಿಗೆ ವಾರಕ್ಕೆ ಮೂರು ಗಂಟೆ ಅಂತ ಲೆಕ್ಕ, ಒಂದು ಕ್ಲಾಸಿನಲ್ಲಿ, ಎರಡು ಮನೆಯಲ್ಲಿ. 18 ಯೂನಿಟ್ ತೆಗೆದು ಬೇಗ ಮುಗಿಸುತ್ತೇನೆ ಅಂದರೆ ವಾರಕ್ಕೆ 54 ಗಂಟೆ. ಒಂದು ಸಿ ಬಿದ್ದರೆ ಸರಿಮಾಡುವುದು ಕಷ್ಟ, ಸಿ ಬಂದ ಕೋರ್ಸನ್ನು ಸಾಮಾನ್ಯವಾಗಿ ಮತ್ತೆ ತೆಗೆಯಲು ಬಿಡುವುದಿಲ್ಲ. ಡಬ್ಲ್ಯು ಇಲ್ಲದೆ ಬಿಡಬಹುದಾದ ಕೊನೇ ದಿನ, ಡಬ್ಲ್ಯು ಜೊತೆ ಬಿಡಬಹುದಾದ ಕೊನೇ ದಿನ, ಇವೆರಡನ್ನು ಫ್ರಿಜ್ಜಿನ ಮೇಲೆ ಅಂಟಿಸಿ.

ಇನ್ನು ಮುಂದಿನ ದಾರಿಗಳು. ಆರು ಯುಸಿಗಳು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಝ್, ಟ್ಯಾಗ್ ಅಂತ ಒಂದು ಗ್ಯಾರಂಟಿ ಕೊಡುತ್ತವೆ. ಅವರು ಹೇಳಿದ ಕೋರ್ಸು, ಜಿಪಿಎ, 60 ಸೆಮಿಸ್ಟರ್ ಯೂನಿಟ್ ಪೂರೈಸಿದರೆ ಸೀಟು ಖಚಿತ. ಒಂದೇ ಕ್ಯಾಂಪಸ್ಸಿಗೆ ಹಾಕಬಹುದು, ಎರಡನೇ ವರ್ಷದ ಸೆಪ್ಟೆಂಬರಿನಲ್ಲಿ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊಗಳಲ್ಲಿ ಟ್ಯಾಗ್ ಇಲ್ಲ. ಕಂಪ್ಯೂಟರ್ ಸೈನ್ಸ್‌ನಂಥ ಮೇಜರ್‌ಗಳನ್ನು ಟ್ಯಾಗ್ ಇರುವ ಕಡೆಯೂ ಕೆಲವರು ಹೊರಗಿಟ್ಟಿದ್ದಾರೆ. ಕಮ್ಯುನಿಟಿ ಕಾಲೇಜಿನಿಂದ ಹೋದರೆ ಸೀಟು ಗ್ಯಾರಂಟಿ ಅಂತ ಹೇಳುವವರು ಈ ಮಾತನ್ನು ನುಂಗಿಬಿಡುತ್ತಾರೆ. ಸಿಎಸ್‌ಯು ಕಡೆಗೆ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಅಂತ ಇದೆ. ಅದರಲ್ಲಿ ಆ ವ್ಯವಸ್ಥೆಯೊಳಗೆ ಎಲ್ಲೋ ಒಂದು ಕಡೆ ಸೀಟಿನ ಭರವಸೆ ಇದೆ, ಬೇಕಾದ ಊರಿನಲ್ಲಿ ಬೇಕಾದ ಮೇಜರ್ ಅಂತ ಇಲ್ಲ. ಸ್ಯಾನ್ ಹೊಸೆ ಸ್ಟೇಟ್ ಮನೆ ಹತ್ತಿರ ಇದೆ ಅಂತ ಅದೇ ಸಿಗುತ್ತದೆ ಅಂದುಕೊಳ್ಳಬೇಡಿ.

ಒಂದು ವರ್ಷ ಇಲ್ಲಿ ಓದಿ ಮತ್ತೆ ಫ್ರೆಶ್‌ಮನ್ ಆಗಿ ಯುಸಿಗೆ ಹಾಕೋಣ ಅಂತ ಯಾರಾದರೂ ಹೇಳಿದರೆ, ಅದು ಆಗುವುದಿಲ್ಲ. ಹೈಸ್ಕೂಲ್ ಮುಗಿಸಿ ಫಾಲ್ ಟರ್ಮ್ ಸೇರಿದ ಮೇಲೆ ಅವಳು ಟ್ರಾನ್ಸ್‌ಫರ್ ಅರ್ಜಿದಾರಳೇ. ಇನ್ನೊಮ್ಮೆ ಫ್ರೆಶ್‌ಮನ್ ಅರ್ಜಿ ಹಾಕುವ ಆಸೆ ಇದ್ದರೆ ಅದನ್ನು ಟರ್ಮ್ ಶುರುವಾಗುವ ಮೊದಲೇ ತೀರ್ಮಾನಿಸಬೇಕು.

ಎರಡು ವರ್ಷವೋ ಮೂರು ವರ್ಷವೋ ಅನ್ನುವುದು ಬೇರೆ ಮಕ್ಕಳಿಗೆ ದೊಡ್ಡ ವಿಷಯವಲ್ಲ. ಎರಡು ವರ್ಷ ಅಂತ ಹೊರಟವರಲ್ಲಿ ಬಹಳ ಮಂದಿ ಎರಡಕ್ಕೆ ಮುಗಿಸುವುದಿಲ್ಲ, ಅದರಲ್ಲಿ ನಾಚಿಕೆಯೇನೂ ಇಲ್ಲ. ನಿಮ್ಮ ಮಗಳ ವಿಷಯದಲ್ಲಿ ಮಾತ್ರ ಗಡಿಯಾರ ಬೇರೆ. 21 ತುಂಬಿದ ಮೇಲೆ ಎಚ್-4 ಇರುವುದಿಲ್ಲ, ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಸಾಮಾನ್ಯವಾಗಿ ಎಫ್-1ಗೆ ಬದಲಾಗಬೇಕಾಗುತ್ತದೆ. ಎರಡು ವರ್ಷಕ್ಕೆ ಹೋದರೆ ಅಲ್ಲಿಯ ಎರಡನೇ ವರ್ಷದಲ್ಲಿ 21, ಮೂರಕ್ಕೆ ಹೋದರೆ ಸೇರಿದ ಮೊದಲ ಟರ್ಮಿನಲ್ಲೇ 21. ಫೀಸಿನ ಲೆಕ್ಕವೇ ಬದಲಾಗಬಹುದು. ಗ್ರೀನ್ ಕಾರ್ಡ್ ಅರ್ಜಿಗೆ ಮಗಳ ವಯಸ್ಸು ಲೆಕ್ಕ ಹಾಕುವಾಗ 2002ರ ಸಿಎಸ್‌ಪಿಎ ಕಾನೂನಿನಿಂದ ಕೆಲವರಿಗೆ ಒಂದಿಷ್ಟು ರಿಯಾಯಿತಿ ಸಿಗುತ್ತದೆ. ಇದು ಕೌನ್ಸೆಲರ್ ಹೇಳುವ ವಿಷಯವಲ್ಲ, ಇಮಿಗ್ರೇಷನ್ ವಕೀಲರನ್ನು ಕೇಳಿ. ಆ 2,500ರಲ್ಲಿ ಸ್ವಲ್ಪ ಖರ್ಚು ಮಾಡಲೇಬೇಕು ಅನ್ನಿಸಿದರೆ ಇಲ್ಲಿ ಮಾಡಿ.

ಯಜಮಾನರಿಗೆ, ಕೂಟದವರಿಗೆ ಏನು ಹೇಳುವುದು? ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು, ಸೀದಾ ಎರಡನೇ ವರ್ಷದ ಬಿಇಗೆ ಸೇರುವ ಹುಡುಗರಿಲ್ಲವೇ? ಹೆಚ್ಚುಕಡಿಮೆ ಅದೇ ದಾರಿ ಇದು, ಇಲ್ಲಿ ಮೂರನೇ ವರ್ಷಕ್ಕೆ ಸೇರುತ್ತಾರೆ. ಡಿಗ್ರಿ ಮೇಲೆ ಯುಸಿಯ ಹೆಸರೇ ಇರುತ್ತದೆ. 1960ರ ಮಾಸ್ಟರ್ ಪ್ಲ್ಯಾನ್‌ನಲ್ಲೇ ಕ್ಯಾಲಿಫೋರ್ನಿಯಾ ಈ ದಾರಿಯನ್ನು ಬೇಕಂತಲೇ ಹಾಕಿಟ್ಟದ್ದು. ಇವತ್ತಿಗೂ ಯುಸಿಗಳು ಟ್ರಾನ್ಸ್‌ಫರ್‌ನಲ್ಲಿ ಮೊದಲ ಆದ್ಯತೆ ಕೊಡುವುದು ಇಲ್ಲಿಯ ಕಮ್ಯುನಿಟಿ ಕಾಲೇಜಿನ ಮಕ್ಕಳಿಗೆ. ಎರಡು ವರ್ಷಕ್ಕೆ 60 ಯೂನಿಟ್, ಒಟ್ಟು 2,760 ಡಾಲರ್. ಯುಸಿಯಲ್ಲಿ ಒಂದೇ ವರ್ಷದ ಟ್ಯೂಷನ್ 14 ಸಾವಿರ ದಾಟುತ್ತದೆ, ಊಟ ವಸತಿ ಬೇರೆ. ಯಜಮಾನರಿಗೆ ಮೊದಲು ಈ ಅಂಕಿ ತೋರಿಸಿ, ಆಮೇಲೆ ಡಿಸಿಇಟಿ ಕಥೆ ಹೇಳಿ.

ಮಗಳಿಗೆ ಮಾತ್ರ ಇವತ್ತು ರಾತ್ರಿ ಆ ಹಳೇ ಟ್ರಾನ್ಸ್‌ಕ್ರಿಪ್ಟ್ ತೆಗೆಯಲು ಹೇಳಿ. ಪಾಸ್‌ವರ್ಡ್ ಮರೆತಿರುತ್ತಾಳೆ, ಬೈಯಬೇಡಿ.